ಫ್ರೇಮ್ ಖಾಲಿ ಕಂಡರೆ ಎಕ್ಸ್‌ಪೋಷರ್ ಏರಿಸಬೇಡಿ

ಪ್ರಶ್ನೆ: ಪ್ರೋಟೀನ್ ಕ್ರಿಸ್ಟಲ್ ತಿರುಗಿಸುತ್ತ ಎಕ್ಸ್‌ರೇ ಬಿಟ್ಟು, ಚದುರಿದ ಕಿರಣಗಳ ಚುಕ್ಕಿಗಳನ್ನು ಚಿತ್ರವಾಗಿ (ಫ್ರೇಮ್) ಹಿಡಿಯಲು ಮೊದಲ ಸಲ ಪಿಲಾಟಸ್ ಡಿಟೆಕ್ಟರ್ ಬಳಸಿದೆ. ಒಂದೊಂದು ಫ್ರೇಮಿನಲ್ಲೂ ಚುಕ್ಕಿಗಳು ಕಾಣುವುದೇ ಕಷ್ಟ. ಎಕ್ಸ್‌ಪೋಷರ್ ಜಾಸ್ತಿ ಮಾಡಲೇ?

ಉತ್ತರ: ಬೇಡ. ಎಷ್ಟು ಜನಕ್ಕೆ ಇದೇ ಮಾತು ಹೇಳಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಇದು ಹಳೆಯ ಸಿಸಿಡಿ ಡಿಟೆಕ್ಟರ್‌ಗಳ ಕಾಲದ ಚಾಳಿ. ಸಿಸಿಡಿ ಪ್ರತಿ ಫ್ರೇಮ್ ಓದುವಾಗಲೂ ತನ್ನದೇ ಒಂದಿಷ್ಟು ನಾಯ್ಸ್ ಸೇರಿಸುತ್ತಿತ್ತು. ಅದಕ್ಕೇ ಕ್ರಿಸ್ಟಲ್ 1 ಡಿಗ್ರಿ ತಿರುಗುವಷ್ಟಕ್ಕೂ ಒಂದೇ ದಪ್ಪ ಫ್ರೇಮ್ ತೆಗೆದು, ಚುಕ್ಕಿ ಕಣ್ಣಿಗೆ ಹೊಡೆಯುವಷ್ಟು ಬೀಮ್ ಬಿಡುತ್ತಿದ್ದೆವು. ಪಿಲಾಟಸ್ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತದೆ. 172 ಮೈಕ್ರೋಮೀಟರ್ ಅಗಲದ ಪ್ರತಿ ಪಿಕ್ಸೆಲ್‌ಗೂ ಅದರದೇ ಕೌಂಟರ್ ಇದೆ. ಓದುವಾಗ ಏನೂ ಸೇರುವುದಿಲ್ಲ. ಸೊನ್ನೆ ಅಂದರೆ ಸೊನ್ನೆಯೇ.

ಹಾಗಾಗಿ 1 ಡಿಗ್ರಿಯನ್ನು 0.1ರ ಹತ್ತು ಫ್ರೇಮ್ ಮಾಡಿದರೆ ನಷ್ಟವಿಲ್ಲ, ಲಾಭವೇ. ಒಂದು ಚುಕ್ಕಿ ಬರೀ 0.3 ಡಿಗ್ರಿಯಷ್ಟು ಹೊತ್ತು ಬೆಳಗುತ್ತದೆ ಅಂದುಕೊಳ್ಳಿ. ದಪ್ಪ ಫ್ರೇಮಿನಲ್ಲಿ ಉಳಿದ 0.7 ಡಿಗ್ರಿಯ ಹಿನ್ನೆಲೆ ಕಸವೂ ಅದರಡಿ ಬಂದು ಕೂರುತ್ತದೆ. ಫ್ರೇಮ್‌ಗಳನ್ನು ಸಂಸ್ಕರಿಸುವ ಎಕ್ಸ್‌ಡಿಎಸ್ ಸಾಫ್ಟ್‌ವೇರ್ ತೋರಿಸುವ ಮೊಸೈಸಿಟಿಯ (ಕ್ರಿಸ್ಟಲ್‌ನೊಳಗಿನ ತುಣುಕುಗಳು ಎಷ್ಟು ಡಿಗ್ರಿ ಓರೆ ಎನ್ನುವ ಅಳತೆ) ಅರ್ಧದಷ್ಟು ತೆಳುವಾಗಿ ಕತ್ತರಿಸಿ, ಸಾಕು.

ಅನುಮಾನವಿದ್ದರೆ ಒಂದು ಫ್ರೇಮನ್ನು ಅಂಕಿ ಕಾಣುವಷ್ಟು ಹಿಗ್ಗಿಸಿ ನೋಡಿ. ಸುತ್ತ 0, 0, 1, 0. ಮಧ್ಯೆ 3, 8, 4. ಅದೇ ನಿಮ್ಮ ಚುಕ್ಕಿ! ಕಣ್ಣಿಗೇ ಕಾಣಬೇಕು ಅಂದರೆ ವ್ಯೂವರ್‌ನಲ್ಲಿ ಹತ್ತು ಫ್ರೇಮ್ ಕೂಡಿಸಿ.

ಎಕ್ಸ್‌ಪೋಷರ್ ಏರಿಸಿದರೆ ಸುಡುವುದು ಕ್ರಿಸ್ಟಲ್. 100 ಕೆಲ್ವಿನ್‌ನ ಕಡುಚಳಿಯಲ್ಲಿ ಇಟ್ಟರೂ, ಹೀರಿದ ವಿಕಿರಣದ ಡೋಸ್ ಸುಮಾರು 30 ಮೆಗಾಗ್ರೇ ದಾಟಿದ ಮೇಲೆ ಅದನ್ನು ನಂಬುವ ಹಾಗಿಲ್ಲ. ಚಂದದ ಫ್ರೇಮಿನ ಆಸೆಗೆ ನಾನೂ ಒಮ್ಮೆ ಬೀಮ್ ಪೂರ್ತಿ ಬಿಟ್ಟಿದ್ದೆ. 40 ಡಿಗ್ರಿ ದಾಟುವಷ್ಟರಲ್ಲಿ ಅತಿ ಸೂಕ್ಷ್ಮ ವಿವರ ಕೊಡುವ ಹೊರ ಅಂಚಿನ ಚುಕ್ಕಿಗಳು ಒಂದೊಂದೇ ಮಾಯವಾದವು. ಇದ್ದದ್ದು ಒಂದೇ ಕ್ರಿಸ್ಟಲ್. ಆಮೇಲಿಂದ ನಾನು ಸ್ವಲ್ಪ ಪುಕ್ಕಲನೇ: ಬೀಮ್ ತಗ್ಗಿಸಿ, ಅದೇ ಡೋಸನ್ನು 360 ಡಿಗ್ರಿಗೆ ಹರಡುತ್ತೇನೆ.

ಪ್ರಶ್ನೆ: ನಮ್ಮ ಕ್ರಿಸ್ಟಲ್ ಕೊಡುವ ವಿವರ 3.5 ಆಂಗ್‌ಸ್ಟ್ರಾಮ್‌ಗೆ ನಿಲ್ಲುತ್ತದೆ (ಅಂಕಿ ಸಣ್ಣದಾದಷ್ಟೂ ವಿವರ ಸೂಕ್ಷ್ಮ). ಹೊಸ ಡಿಟೆಕ್ಟರ್‌ನಲ್ಲಿ 2 ಬರುತ್ತದಾ?

ಉತ್ತರ: ಜೊಳ್ಳು ಕೇರಲು ಹೊಸ ಮೊರ ತಂದರೆ ಕಾಳು ಬರುತ್ತದಾ? ಕ್ರಿಸ್ಟಲ್ ಮತ್ತೆ ಬೆಳೆಸಿ. ಫ್ರೇಮಿಗೆ ‘ಹೊಳಪು ಕೊಡುವ’ ಸಾಫ್ಟ್‌ವೇರ್ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಪ್ರಶ್ನೆ: ಚಿತ್ರದ ತುಂಬ ಖಾಲಿ ಪಟ್ಟಿಗಳಿವೆ. ಡಿಟೆಕ್ಟರ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಡಿಟೆಕ್ಟರ್ ಹಲವು ಮಾಡ್ಯೂಲ್ ತುಂಡುಗಳ ಜೋಡಣೆ, ಅವು ಆ ತುಂಡುಗಳ ನಡುವಿನ ಸಂದು. ಫೈಲಿನಲ್ಲಿ ಅಲ್ಲಿ -1 ಅಂತಲೇ ಇರುತ್ತದೆ, ಸಾಫ್ಟ್‌ವೇರ್‌ಗೆ ಗೊತ್ತು. ದಯವಿಟ್ಟು ಫೋಟೋಶಾಪ್‌ನಲ್ಲಿ ತುಂಬಿಸಿ ನನಗೆ ಕಳಿಸಬೇಡಿ.