ಹಪ್ಪಳದ ಮಷೀನ್ ಬೇಡ, ತೂಕದ ಮಷೀನ್ ತನ್ನಿ

ಶಿರಸಿ ಹತ್ತಿರ ಹಳ್ಳಿಮನೆ, ಕೈಯಲ್ಲಿ 15 ಸಾವಿರ, ಹಿತ್ತಲಲ್ಲಿ ಐದಾರು ಹಲಸಿನ ಮರ. ಹಪ್ಪಳದ ಮಷೀನನ್ನು ಕಂತಿನ ಮೇಲೆ ತರುವುದೋ, ಮಸಾಲೆ ಪುಡಿಗೆ ಇಳಿಯುವುದೋ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಇದನ್ನೇ ಊರೆಲ್ಲ ಕೇಳಿಕೊಂಡು ಬಂದವಳು. ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ: ಎರಡೂ ಬೇಡ. ಮನೆ ಹಿಂದೆ ಹಲಸು ಬಿದ್ದು ಕೊಳೆಯುತ್ತಿರುವಾಗ ಪೇಟೆಯಿಂದ ಮೆಣಸು, ಕೊತ್ತಂಬರಿ ಕೊಂಡು ತಂದು ಪುಡಿ ಮಾಡಿ ಮಾರುವುದು ಯಾವ ಲೆಕ್ಕ? ಹಲಸಿನ ಹಪ್ಪಳವನ್ನೇ ಮಾಡಿ. ಆದರೆ ಕೈಯಲ್ಲಿ ಮಾಡಿ. ಅಂಗಡಿಯಲ್ಲಿ ತೋರಿಸುವ ರೋಲರ್ ಮಷೀನು ಉದ್ದಿನ ಹಿಟ್ಟಿಗೋ ಅಕ್ಕಿ ಹಿಟ್ಟಿಗೋ ಮಾಡಿದ್ದು. ಹಲಸಿನ ಹಿಟ್ಟಿನಲ್ಲಿ ನಾರೂ ಇದೆ, ಅಂಟೂ ಇದೆ; ಅದು ಹಾಳೆಯಾಗಿ ಬರುವುದಿಲ್ಲ. ಇನ್ನು ಕಂತು ಹನ್ನೆರಡು ತಿಂಗಳೂ ಕಟ್ಟಬೇಕು, ಹಪ್ಪಳದ ಕೆಲಸ ಇರುವುದು ಏಪ್ರಿಲ್, ಮೇ ಎರಡೇ ತಿಂಗಳು.

ನಿಮಗೆ ಬೇಕಾದದ್ದು ಇಷ್ಟು: ಮರದ ಒತ್ತುಮಣೆ, ದಪ್ಪ ಪ್ಲಾಸ್ಟಿಕ್ ಹಾಳೆ, 1 ಗ್ರಾಂ ತನಕ ತೋರಿಸುವ ತೂಕದ ಮಷೀನು, ಕೈಯಲ್ಲಿ ಒತ್ತುವ ಕವರ್ ಸೀಲರ್. ಮನೆಯ ಗ್ರೈಂಡರ್ ಇದ್ದೇ ಇದೆ. ಕವರು, ಲೇಬಲ್, ಕೊಬ್ಬರಿ ಎಣ್ಣೆ, ಮೆಣಸು ಎಲ್ಲ ಸೇರಿಸಿದರೂ ನಿಮ್ಮ ದುಡ್ಡಿನಲ್ಲಿ ಅರ್ಧ ಉಳಿಯುತ್ತದೆ. ಉಳಿದದ್ದು ಕೂಲಿಗೆ.

ಕಾಯಿ ಪೂರ್ತಿ ಬಲಿತಿರಬೇಕು, ಹಣ್ಣಿನ ವಾಸನೆ ಶುರುವಾಗಿರಬಾರದು. ಮುಳ್ಳು ಚಪ್ಪಟೆಯಾಗಿ ಬಿಡಿಬಿಡಿಯಾಗಿದ್ದರೆ ಬಲಿತಿದೆ ಎಂದರ್ಥ. ಎಳೆಯದಾದರೆ ಹಿಟ್ಟಿಗೆ ಕಸುವಿಲ್ಲ, ಒಣಗುವಾಗ ಬಿರುಕು ಬಿಡುತ್ತದೆ. ಹಣ್ಣಿಗೆ ತಿರುಗಿದ್ದರೆ ಸಿಹಿ ಏರಿರುತ್ತದೆ. ಅಂಥ ಹಪ್ಪಳ ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗಿ ಕಹಿಯಾಗುತ್ತದೆ. ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿ, ಇಲ್ಲದಿದ್ದರೆ ಮೇಣ ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ.

10 ಕೆಜಿಯ ಕಾಯಿಯಲ್ಲಿ ಬೇಳೆ (ಬೀಜ) ತೆಗೆದ ಸೊಳೆ, ಅಂದರೆ ತೊಳೆ, ಹೆಚ್ಚುಕಮ್ಮಿ 3 ಕೆಜಿ. ಒಣಗಿದ ಮೇಲೆ 800 ಗ್ರಾಂ, ಅಂದರೆ 10 ಗ್ರಾಂ ತೂಗುವ 80 ಹಪ್ಪಳ. ಈ ಲೆಕ್ಕ ಬಾಯಿಪಾಠ ಇರಲಿ, ಬೆಲೆ ಕಟ್ಟುವುದು ಇದರ ಮೇಲೆಯೇ.

ಸೊಳೆಯನ್ನು ನೀರಲ್ಲಿ ಬೇಯಿಸಬೇಡಿ, ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಹಿಸುಕುವಂತಾದರೆ ಸಾಕು. ಬಿಸಿ ಇರುವಾಗಲೇ, ಒಂದು ಹನಿ ನೀರೂ ಸೋಕಿಸದೆ ರುಬ್ಬಿ. ಆರಿದರೆ ಗಂಟು ಉಳಿಯುತ್ತದೆ. 1 ಕೆಜಿ ಸೊಳೆಗೆ 10ರಿಂದ 12 ಗ್ರಾಂ ಉಪ್ಪು, ರುಚಿಗೆ ತಕ್ಕ ಒಣಮೆಣಸು, ಜೀರಿಗೆ, ಕೊತ್ತಂಬರಿ. ಹಿಟ್ಟಿನ ರುಚಿ ನೋಡಿದರೆ ಉಪ್ಪು ಸಾಲದು ಅನ್ನಿಸುತ್ತದೆ, ಅನ್ನಿಸಬೇಕು. ನೀರು ಹೋಗಿ ತೂಕ ಕಾಲು ಭಾಗಕ್ಕೆ ಇಳಿದಾಗ ಅದೇ ಉಪ್ಪು ನಾಲ್ಕು ಪಟ್ಟು ನಾಲಿಗೆಗೆ ಹತ್ತುತ್ತದೆ. ಮೇಲಾಗಿ ಉಪ್ಪು ಗಾಳಿಯ ತೇವ ಎಳೆದುಕೊಳ್ಳುವ ಜಾತಿ. ಹೆಚ್ಚಾದರೆ ಮಳೆಗಾಲದಲ್ಲಿ ಹಪ್ಪಳ ಬೇಗ ಮೆತ್ತಗಾಗುತ್ತದೆ. ಲಿಂಬೆ ಗಾತ್ರದ ಉಂಡೆಗಳನ್ನೂ ತೂಗಿಯೇ ಮಾಡಿ, ಒಂದೊಂದು 37 ಗ್ರಾಂ ಆಸುಪಾಸು. ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಇಟ್ಟು ಒತ್ತಿ. ಬೆಳಗ್ಗೆ ಹತ್ತರೊಳಗೆ ಚಾಪೆ ಮೇಲೆ ಬೀಳಬೇಕು. ಏಪ್ರಿಲ್ ಕೊನೆಯ ನಂತರ ಘಟ್ಟದ ಮೇಲೆ ಮಧ್ಯಾಹ್ನದ ಗುಡುಗು ಮಳೆ ಹೇಳಿ ಕೇಳಿ ಬರುವುದಲ್ಲ. ಒತ್ತುವ ಕೆಲಸಕ್ಕೆ ಅಕ್ಕಪಕ್ಕದವರ ಜೊತೆ ಮುಯ್ಯಾಳು (ಇಂದು ನಿಮಗೆ ಅವರು, ನಾಳೆ ಅವರಿಗೆ ನೀವು) ಮಾಡಿಕೊಂಡರೆ ಚೆನ್ನ.

ಇನ್ನು ದುಡ್ಡು ಮುಳುಗುವ ಜಾಗಕ್ಕೆ ಬರುತ್ತೇನೆ. ಹಪ್ಪಳದಲ್ಲಿ ನಷ್ಟ ಮಾಡಿಕೊಂಡವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಒಣಗುವ ಮೊದಲೇ ಒಣಗಿತು ಅಂದುಕೊಳ್ಳುವುದು. ಒಳ್ಳೆ ಬಿಸಿಲಿದ್ದರೆ ಮೊದಲ ದಿನವೇ ಅಂಚು ಗರಿಗರಿ. ಎರಡನೇ ದಿನ ಮಧ್ಯಾಹ್ನ ಮುರಿದರೆ ಪಟ್ಟನೆ ಮುರಿಯುತ್ತದೆ. ಆದರೆ ಮುರಿದದ್ದು ಅಂಚು. ಕೈಯಲ್ಲಿ ಒತ್ತಿದ ಹಪ್ಪಳದ ನಡು ಯಾವಾಗಲೂ ಒಂದು ಎಳೆ ದಪ್ಪ, ಅಲ್ಲಿ ನೀರು ಇನ್ನೂ ಇದೆ. ಮೇಲಿನ ಪದರ ಗಟ್ಟಿಯಾದ್ದರಿಂದ ಅದು ಹೊರಗೆ ಬರುವುದೂ ನಿಧಾನ. ಆಗ ಕವರಿಗೆ ಹಾಕಿ ಸೀಲ್ ಒತ್ತಿದಿರೋ, ನಡುವಿನ ನೀರು ಮೆಲ್ಲಗೆ ಅಂಚಿಗೆ ಹರಡಿ ಇಡೀ ಕಟ್ಟು ಒಂದೇ ಸಮ ತೇವವಾಗುತ್ತದೆ. ಕವರಿನಿಂದ ಅದಕ್ಕೆ ಹೊರದಾರಿಯಿಲ್ಲ. ಮೇ ಮುಗಿಯುವ ತನಕ ಹೊರಗಿಂದ ಏನೂ ಗೊತ್ತಾಗುವುದಿಲ್ಲ, ಮಾಲು ಅಂಗಡಿ ಸೇರಿ ನೀವೂ ಲಾಭದ ಲೆಕ್ಕ ಹಾಕಿರುತ್ತೀರಿ. ಮಳೆ ಹಿಡಿದ ಮೇಲೆ ಕಟ್ಟು ಬಿಚ್ಚಿದರೆ ಹಪ್ಪಳಕ್ಕೆ ಹಪ್ಪಳ ತಾಗಿದ ಕಡೆ ಬೂದು ಹಸಿರು ಚುಕ್ಕೆ, ಮುಗ್ಗಲು ವಾಸನೆ. ಅಂಗಡಿಯವರು ಹಾಳಾದ ಎರಡು ಕಟ್ಟು ಕಂಡರೆ ಇಪ್ಪತ್ತನ್ನೂ ವಾಪಸ್ ಕೊಡುತ್ತಾರೆ. ಒರೆಸಿ ಮತ್ತೆ ಬಿಸಿಲಿಗೆ ಹಾಕಿ ಮಾರುವ ಬುದ್ಧಿ ಮಾಡಬೇಡಿ. ಬೂಸ್ಟು ಒರೆಸಿದರೂ ಅದರ ವಿಷ ಒಳಗೇ ಉಳಿದಿರಬಹುದು. ಗೊಬ್ಬರದ ಗುಂಡಿಯೇ ಅದಕ್ಕೆ ಗತಿ.

ಇದಕ್ಕೆ ಕಣ್ಣಂದಾಜು ನಂಬಬೇಡಿ. ಮೊದಲ ದಿನ ಹತ್ತು ಹಪ್ಪಳಕ್ಕೆ ಗುರುತು ಹಾಕಿ ತೂಗಿ, ದಿನಾ ಸಂಜೆ ಒಳಗೆ ತರುವಾಗ ಅವನ್ನೇ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. 370 ಗ್ರಾಂ ಇದ್ದದ್ದು 100ರ ಹತ್ತಿರ ಬಂದು ನಿಲ್ಲುತ್ತದೆ. ನಿನ್ನೆಗಿಂತ ಒಂದು ಗ್ರಾಂಗೂ ಮೇಲೆ ಇಳಿದಿದ್ದರೆ ಇನ್ನೊಂದು ಬಿಸಿಲು ಬೇಕು. ಮೋಡ ಕವಿದ ದಿನದ ತೂಕ ಲೆಕ್ಕಕ್ಕಿಲ್ಲ, ಆ ದಿನ ಹೇಗೂ ಇಳಿಯುವುದಿಲ್ಲ. ಕೊನೆಗೊಂದು ಪರೀಕ್ಷೆ: ನಾಲ್ಕು ಹಪ್ಪಳವನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಂಚು ಮುರಿಯುವ ಬದಲು ಬಗ್ಗಿದರೆ ನಡುವಿನ ನೀರು ಅಲ್ಲಿಗೆ ಬಂದಿದೆ. ಪ್ಯಾಕ್ ಮಾಡುವ ದಿನ ಮೂರು ಗಂಟೆಗೆಲ್ಲ ತೆಗೆದು, ನೆರಳಲ್ಲಿ ಬಟ್ಟೆ ಮುಚ್ಚಿ ಅರ್ಧ ಗಂಟೆ ಆರಿಸಿ, ಕತ್ತಲಾಗುವ ಮೊದಲು ಸೀಲ್ ಮಾಡಿ. ಬಿಸಿಯಲ್ಲೇ ತುಂಬಿದರೆ ಕವರಿನೊಳಗೆ ಬೆವರುತ್ತದೆ, ರಾತ್ರಿಯಿಡೀ ಬಿಟ್ಟರೆ ಗಾಳಿಯ ತೇವ ಕುಡಿಯುತ್ತದೆ. ಕವರು ದಪ್ಪ ಇರಲಿ, ಒಣ ಹಪ್ಪಳದ ಅಂಚು ತೆಳು ಕವರನ್ನು ಚುಚ್ಚಿ ತೂತು ಮಾಡುತ್ತದೆ. ಕುಮಟಾ, ಕಾರವಾರದ ಕಡೆಯವರು ಇನ್ನೂ ಜೋಪಾನ, ಅಲ್ಲಿ ಬೇಸಿಗೆಯ ಗಾಳಿಯೂ ಒದ್ದೆ.

ಬೆಲೆ ಕಟ್ಟುವಾಗ ಕಾಯಿ ಪುಕ್ಕಟೆ ಎಂದು ಬಿಡಬೇಡಿ, ಮರ ಹತ್ತಿ ಇಳಿಸಿದವನ ಕೂಲಿ ಇದೆ. ನಿಮ್ಮ ಗಂಟೆಗೂ ಅಡಿಕೆ ಸುಲಿಯುವ ಕೂಲಿಯಷ್ಟಾದರೂ ಹಿಡಿಯಿರಿ. 80 ಹಪ್ಪಳದಲ್ಲಿ ಎಂಟು ಒಡೆದೋ ಸೊಟ್ಟಗಾಗಿಯೋ ಮನೆ ಖರ್ಚಿಗೆ ಹೋಗುತ್ತವೆ ಎಂದುಕೊಂಡು ಒಟ್ಟು ಖರ್ಚನ್ನು 72ರಿಂದ ಭಾಗಿಸಿ. ಮೊದಲ ವರ್ಷ ಪರಿಚಯದವರಿಗೇ ಮಾರಿ. ದೊಡ್ಡ ಕೌಂಟರಿನವರು ವರ್ಷವಿಡೀ ಪೂರೈಕೆ ಕೇಳುತ್ತಾರೆ, ದುಡ್ಡನ್ನೂ ಬಾಕಿ ಉಳಿಸುತ್ತಾರೆ.

ಕಾಗದಪತ್ರಕ್ಕೆ ಹೆದರಬೇಡಿ. ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು, ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು. ಸರ್ಕಾರದ ಶುಲ್ಕ ನೂರರ ಲೆಕ್ಕದ್ದು, ಸಾವಿರ ಕೇಳುವವರು ಮಧ್ಯವರ್ತಿಗಳು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ಲಿನಲ್ಲಿರಬೇಕು. ಜೊತೆಗೆ ಸಸ್ಯಾಹಾರದ ಹಸಿರು ಚುಕ್ಕೆ, ಏನೇನು ಹಾಕಿದೆ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ದಿನ, ಯಾವ ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ಫೋನು.

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕುವ ಆಸೆ ನಿಮಗೂ ಇದ್ದೀತು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ. ಆಗ ಮರದಲ್ಲಿರುವುದು ಎಳೆಗಾಯಿ, ಮಾರಬೇಕಾದದ್ದು ಹಿಂದಿನ ಮೇ ತಿಂಗಳ ಹಪ್ಪಳ. ಅದಕ್ಕೆಂದು ಎತ್ತಿಡುವುದನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು ಮಳೆಗಾಲದಲ್ಲಿ ತೆಗೆಯಲೇಬೇಡಿ. ದೀಪಾವಳಿ ಕಳೆದ ಮೇಲೆ ಒಂದು ಬಿಸಿಲು ಕಾಣಿಸಿ ಕವರಿಗೆ ಹಾಕಿ. ಲೇಬಲ್ಲಿನಲ್ಲಿ ಮಾತ್ರ ತಯಾರಾದದ್ದು ಮೇ ಎಂದೇ ಇರಲಿ, ಕವರಿಗೆ ಹಾಕಿದ ತಿಂಗಳನ್ನು ಬರೆಯಬೇಡಿ.