21 ಗೇರ್ ಸೈಕಲ್ಲೇ ಬೇಕಾ?

ಪ್ರಶ್ನೆ: ಸರ್, ದಿನಾ ಆಫೀಸಿಗೆ ಹೋಗಿಬರೋಕೆ ಸೈಕಲ್ ತಗೋಬೇಕು ಅಂತಿದೀನಿ. ಒಂದ್ ಕಡೆಗೆ 6 ಕಿ.ಮೀ., ನಡುವೆ ಒಂದು ಏರು ಇದೆ, ಮಳೇಲೂ ಓಡಿಸ್ಬೇಕು. ಅಂಗಡಿಯವ್ರು 21 ಗೇರು, ಡಿಸ್ಕ್ ಬ್ರೇಕ್ ಇರೋದೇ ತಗೊಳಿ ಅಂತಾರೆ. ನಂಗೆ ರಿಪೇರಿ ಏನೂ ಬರಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಗೆ 21 ಗೇರ್ ಬೇಡ. ಮುಂದೆ ಪೆಡಲ್ ಹತ್ರ 3 ಹಲ್ಲಿನ ಚಕ್ರ, ಹಿಂದೆ 7, ಗುಣಿಸಿದ್ರೆ 21 ಆಗತ್ತೆ ನಿಜ, ಆದ್ರೆ ಅದ್ರಲ್ಲಿ ಎಷ್ಟೋ ಗೇರು ಒಂದಕ್ಕೊಂದು ಹೆಚ್ಚುಕಮ್ಮಿ ಒಂದೇ, ಕೆಲವಂತೂ ಚೈನ್ ತೀರಾ ಓರೆ ಆಗೋದ್ರಿಂದ ಬಳಸ್ಲೇಬಾರ್ದು. ಅದೂ ಅಲ್ದೆ, ಚೈನ್ ಸರಿಸಿ ಗೇರ್ ಬದಲಾಯ್ಸೋ ಡಿರೇಲರ್ ಹೊರಗೆ ನೇತಾಡ್ತಿರತ್ತೆ, ಸೈಕಲ್ ಒಂದ್ಸಲ ಬಲಕ್ಕೆ ಬಿದ್ರೆ ಬಾಗತ್ತೆ, ಕೆಸರು ಕೂರತ್ತೆ, ಆಗಾಗ ಟ್ಯೂನ್ ಮಾಡಿಸ್ತಾನೇ ಇರ್ಬೇಕು.

ನಾನಾದ್ರೆ ಹಿಂದಿನ ಚಕ್ರದ ಹಬ್ (ಚಕ್ರದ ನಟ್ಟನಡುವಿನ ಡಬ್ಬಿಯಂಥ ಭಾಗ) ಒಳಗೇ 3 ಗೇರ್ ಇರೋ ಸೈಕಲ್ ಹುಡುಕಿ ಅಂತೀನಿ. ಗೇರೆಲ್ಲ ಡಬ್ಬಿ ಒಳಗೆ ಮುಚ್ಕೊಂಡಿರೋದ್ರಿಂದ ಧೂಳು ಮಳೆ ಮುಟ್ಟಲ್ಲ, ಚೈನ್ ಒಂದೇ ಗೆರೆಯಲ್ಲಿ ಓಡತ್ತೆ, ಪೂರ್ತಿ ಚೈನ್ ಕವರ್ ಹಾಕ್ಬಹುದು, ಸಿಗ್ನಲ್ಲಲ್ಲಿ ನಿಂತಾಗ್ಲೂ ಗೇರ್ ಬದಲಾಯ್ಸ್ಬಹುದು. ಕೆಳಗಿನ ಗೇರು ಮಧ್ಯದ್ದಕ್ಕಿಂತ ಸುಮಾರು ಕಾಲುಭಾಗ ಹಗುರ, ಮೇಲಿನದು ಮೂರನೇ ಒಂದು ಭಾಗದಷ್ಟು ಭಾರ. ಹಿಂದಿನ ಚಕ್ರ ಬಿಚ್ಚುವಾಗ ಗೇರ್ ಕೇಬಲ್ಲೂ ತೆಗೀಬೇಕು, ಅದೊಂದೇ ಕಿರಿಕಿರಿ, ಆದ್ರೆ ಪಂಕ್ಚರ್ ಆದ್ರೆ ಚಕ್ರ ಬಿಚ್ದೇನೇ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕ್ಬಹುದು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಗೇರ್ ಎಷ್ಟಿವೆ ಅನ್ನೋದಕ್ಕಿಂತ ಹಲ್ಲಿನ ಲೆಕ್ಕ ಮುಖ್ಯ. ಮುಂದೆ 44 ಹಲ್ಲು ಹಿಂದೆ 16 ಹಲ್ಲು ಇದ್ರೆ, ದೊಡ್ಡ ಚಕ್ರದ ಸೈಕಲ್ಲು ಮಧ್ಯದ ಗೇರಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 5.8 ಮೀಟರ್ ಹೋಗತ್ತೆ. ಹಿಂದಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ) 20 ಹಲ್ಲಿಂದು ಹಾಕ್ಸಿದ್ರೆ 4.6 ಮೀಟರ್, ಕೆಳಗಿನ ಗೇರಲ್ಲಿ ಸುಮಾರು 3.5, ಏರಲ್ಲಿ ಮಂಡಿ ನೋಯಲ್ಲ. ಸಪಾಟು ರಸ್ತೇಲಿ ಸ್ವಲ್ಪ ಸ್ಪೀಡ್ ಕಮ್ಮಿ ಆಗ್ಬಹುದು, ಆದ್ರೆ 6 ಕಿ.ಮೀ.ಗೆ ಅದು ಲೆಕ್ಕಕ್ಕೇ ಬರಲ್ಲ. ಸ್ಪ್ರಾಕೆಟ್ ಬದಲಾಯ್ಸೋದು ಚಿಕ್ಕ ಕೆಲ್ಸ, ಚೈನಿಗೆ ಒಂದೆರಡು ಕೊಂಡಿ ಜಾಸ್ತಿ ಬೇಕಾಗತ್ತೆ ಅಷ್ಟೇ, ಕೊಳ್ಳುವಾಗ್ಲೇ ಕೇಳಿ ಮಾಡಿಸ್ಕೊಳಿ.

ಬ್ರೇಕಿಗೆ ಬಂದ್ರೆ, ಹಬ್ ಒಳಗಿನ ಡ್ರಮ್ ಬ್ರೇಕ್ ಸಿಕ್ರೆ ಕಣ್ಮುಚ್ಚಿ ತಗೊಳಿ, ಮಳೆ ಬಂದ್ರೂ ಹಿಡಿತ ಹಾಗೇ ಇರತ್ತೆ, ವರ್ಷಗಟ್ಲೆ ಹೆಚ್ಚೇನೂ ಮುಟ್ಬೇಕಾಗಲ್ಲ. ಸಿಗ್ಲಿಲ್ವಾ, ಚಕ್ರದ ರಿಮ್ಮನ್ನ ಎರಡೂ ಕಡೆಯಿಂದ ರಬ್ಬರಲ್ಲಿ ಒತ್ತಿ ಹಿಡಿಯೋ ವಿ-ಬ್ರೇಕ್ ಸಾಕು, ರಬ್ಬರ್ ಸವೆದಿದ್ದು ಕಣ್ಣಿಗೇ ಕಾಣತ್ತೆ, ನೀವೇ ಬದಲಾಯ್ಸ್ಬಹುದು. ಆದ್ರೆ ರಿಮ್ ಮಾತ್ರ ಅಲ್ಯೂಮಿನಿಯಮ್ದೇ ಇರ್ಲಿ. ಹೊಳೆಯೋ ಸ್ಟೀಲ್ ರಿಮ್ ಒದ್ದೆ ಆದ್ರೆ ಬ್ರೇಕ್ ಹಿಡಿಯೋದೇ ಇಲ್ಲ ಅನ್ನೋಷ್ಟು ಜಾರತ್ತೆ, ಇದು ಜೀವದ ಪ್ರಶ್ನೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಕೇಬಲ್ಲಿಂದ ಎಳೆಯೋ ಡಿಸ್ಕ್ ಬ್ರೇಕ್ ಕೆಟ್ಟದ್ದೇನಲ್ಲ, ಆದ್ರೆ ಅಗ್ಗದ್ದು ಉಜ್ಜೋ ಸದ್ದು ಮಾಡ್ತಾ ಪದೇಪದೇ ಅಡ್ಜಸ್ಟ್ ಕೇಳತ್ತೆ.

ತಗೊಳೋ ಮುಂಚೆ ಸೈಕಲ್ ತಳ್ಕೊಂಡು ನಡೀತಾ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡೀರಿ. ಹಿಂದಿನ ಚಕ್ರ ಎದ್ರೆ ಬ್ರೇಕ್ ಸರಿಯಿದೆ. ಏಳ್ಲಿಲ್ಲ, ಮುಂದಿನ ಚಕ್ರ ಉರುಳ್ತಾನೇ ಇದೆ ಅಂದ್ರೆ ಅಲ್ಲೇ ಸರಿ ಮಾಡಿಸಿ, ಆಮೇಲೇ ದುಡ್ಡು ಕೊಡಿ.