ಬಣ್ಣ ಹಾಕಿಸಿದ ಕೂದಲು ಮೂರು ವಾರದಲ್ಲೇ ಕೆಂಪಗಾಗುತ್ತಿದೆ, ಮನೆಯಲ್ಲಿ ಏನು ಮಾಡಬಹುದು?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಮಂಗಳೂರಿನಲ್ಲಿ ಕಂದು ಬಣ್ಣ ಹಾಕಿಸಿಕೊಂಡು ಮೂರು ವಾರ ಕಳೆಯುವಷ್ಟರಲ್ಲಿ ಕೂದಲಿನ ತುದಿಗಳು ತಾಮ್ರದ ಬಣ್ಣಕ್ಕೆ ತಿರುಗಿವೆ; ಕಾಸರಗೋಡು ಜಿಲ್ಲೆಯ ಪೆರ್ಲದ ನಿಮ್ಮ ಮನೆಯಲ್ಲಿ ಸ್ನಾನಕ್ಕೆ ಕೊಳವೆಬಾವಿಯ ನೀರು; ದಿನ ಬಿಟ್ಟು ದಿನ ತಲೆಗೆ ಸ್ನಾನ ಮಾಡುವ ರೂಢಿ; ಯಾವ ಶಾಂಪೂ ಕೊಳ್ಳಬೇಕು, ತೆಂಗಿನೆಣ್ಣೆ ಹಚ್ಚಬಹುದೇ, ಮೇಲಿನಿಂದ ಮದರಂಗಿ ಹಾಕಬಹುದೇ ಎಂಬ ಸಂದೇಹಗಳು. ನಾನು ಬದಿಯಡ್ಕದ ಸಮೀಪ ಬ್ಯೂಟಿ ಪಾರ್ಲರ್ ನಡೆಸುತ್ತಿರುವವಳು. ನಮ್ಮಲ್ಲಿಗೆ ಬರುವವರೂ ಮೊದಲು ಶಾಂಪೂವಿನ ಹೆಸರನ್ನೇ ಕೇಳುತ್ತಾರೆ. ನಾನು ಮಾತ್ರ ಮೊದಲು ಕೇಳುವುದು ಮನೆಯ ನೀರು ಎಲ್ಲಿಯದು, ಎಷ್ಟು ಬಿಸಿ ಮಾಡುತ್ತೀರಿ, ವಾರಕ್ಕೆ ಎಷ್ಟು ಸಲ ತಲೆಗೆ ಹೊಯ್ದುಕೊಳ್ಳುತ್ತೀರಿ ಎಂದು. ಬಣ್ಣ ಹೋಗುವುದರಲ್ಲಿ ಶಾಂಪೂವಿಗಿಂತ ನೀರಿನ ಪಾಲೇ ದೊಡ್ಡದು.

ಕಾರಣವನ್ನು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಕೂದಲಿನ ಹೊರಪದರವು ಮಾಡಿನ ಹಂಚಿನಂತೆ ಒಂದರ ಮೇಲೊಂದು ಹೊದಿಸಿದ ತೆಳ್ಳಗಿನ ಹುರುಪೆಗಳಿಂದಾಗಿದೆ. ಶಾಶ್ವತ ಬಣ್ಣಗಳಲ್ಲಿರುವ ಅಮೋನಿಯಾ ಅಥವಾ ಅದರ ಬದಲಿಗೆ ಬಳಸುವ ಕ್ಷಾರವು ಈ ಹುರುಪೆಗಳನ್ನು ಉಬ್ಬಿಸಿ ಎತ್ತುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹೋಗಿ ಕೂದಲಿನ ಸ್ವಂತ ಕಪ್ಪು ವರ್ಣದ್ರವ್ಯವನ್ನು ಒಂದಿಷ್ಟು ಕರಗಿಸುತ್ತದೆ ಮತ್ತು ಬಣ್ಣದ ಸಣ್ಣ ಕಣಗಳನ್ನು ಅಲ್ಲಿಯೇ ದೊಡ್ಡದಾಗಿ ಬೆಸೆಯುತ್ತದೆ. ನಮ್ಮ ಕಪ್ಪು ಕೂದಲಿನ ವರ್ಣ ಅರ್ಧಂಬರ್ಧ ಹೋದಾಗ ಅಡಿಯಲ್ಲಿ ಉಳಿಯುವುದು ಕೆಂಪು ಮತ್ತು ಕಿತ್ತಳೆ. ಹಾಕಿದ ಕಂದು ಸೋರತೊಡಗಿದಂತೆ ಈ ಅಡಿಬಣ್ಣ ಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಕೂದಲು ಕೆಂಪಾದದ್ದಕ್ಕೆ ಪಾರ್ಲರಿನವರು ಕಳಪೆ ಬಣ್ಣ ಹಾಕಿದರೆಂಬ ಅನುಮಾನ ಸದ್ಯಕ್ಕೆ ಬೇಡ. ತುದಿಗಳು ಕೂದಲಿನ ಅತ್ಯಂತ ಹಳೆಯ ಭಾಗವಾದುದರಿಂದ, ಅಲ್ಲಿನ ಹುರುಪೆಗಳು ಮೊದಲೇ ಸವೆದಿರುವುದರಿಂದ, ಬಣ್ಣ ಅಲ್ಲಿಂದಲೇ ಮೊದಲು ಜಾರುತ್ತದೆ.

ಪ್ರತಿ ಸಲ ಒದ್ದೆಯಾದಾಗಲೂ ಕೂದಲು ನೀರು ಹೀರಿ ಉಬ್ಬುತ್ತದೆ, ಹುರುಪೆಗಳು ಸಡಿಲವಾಗುತ್ತವೆ, ಸ್ವಲ್ಪ ಬಣ್ಣ ಹೊರಗೆ ಬರುತ್ತದೆ. ನೀರು ಬಿಸಿಯಾದಷ್ಟೂ ಇದು ಹೆಚ್ಚು. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ತುರುಕಿ ಹಬೆಯಾಡುವವರೆಗೆ ಕಾಯಿಸಿದ ನೀರನ್ನು ಹಾಗೆಯೇ ತಲೆಗೆ ಹೊಯ್ದುಕೊಳ್ಳುವ ಸುಖ ನಮ್ಮ ಊರಿನವರಿಗೆ ಗೊತ್ತಿರುವಂಥದ್ದೇ. ಬಣ್ಣ ಹಾಕಿದ ತಲೆಗೆ ಮಾತ್ರ ಆ ಸುಖ ಬೇಡ. ಮೈಗೆ ಎಷ್ಟಾದರೂ ಬಿಸಿ ಇರಲಿ, ತಲೆಗೆ ಉಗುರುಬೆಚ್ಚಗಿನದು ಸಾಕು, ಕೊನೆಯ ಎರಡು ಚೆಂಬು ತಣ್ಣೀರಾದರೆ ಇನ್ನೂ ಒಳ್ಳೆಯದು. ತಲೆಸ್ನಾನವನ್ನು ವಾರಕ್ಕೆ ಎರಡು ಸಲಕ್ಕೆ ಇಳಿಸಿ. ಸೆಕೆಯ ದಿನಗಳಲ್ಲಿ ಬೆವರು ತಡೆಯದಿದ್ದರೆ ಉಳಿದ ದಿನ ಬುಡವನ್ನಷ್ಟೇ ನೀರಿನಿಂದ ಉಜ್ಜಿ, ತುದಿಗಳನ್ನು ಮೇಲೆ ಕಟ್ಟಿಕೊಳ್ಳಿ.

ಇನ್ನು ನೀರು ಯಾವುದೆಂಬ ವಿಚಾರ. ನಮ್ಮ ಮುರಕಲ್ಲಿನ ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ ಗುಣದ್ದು. ಎಣ್ಮಕಜೆ, ಪೈವಳಿಕೆಯ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳ ನೀರೂ ಹಾಗೆಯೇ. ಕೊಳವೆಬಾವಿಯ ನೀರಿನಲ್ಲಿ ಹಲವು ಕಡೆ ಕಬ್ಬಿಣದ ಅಂಶ ಹೆಚ್ಚು. ಪರೀಕ್ಷೆ ಮಾಡಲು ಹಣ ಬೇಕಾಗಿಲ್ಲ: ಒಂದು ಬಿಳಿಯ ಬಾಲ್ದಿಯಲ್ಲಿ ಪಂಪಿನ ನೀರನ್ನು ರಾತ್ರಿ ತುಂಬಿಸಿಡಿ. ತುಂಬಿಸುವಾಗ ಕನ್ನಡಿಯಂತೆ ತಿಳಿಯಾಗಿದ್ದ ನೀರಿನ ಮೇಲೆ ಬೆಳಗಾಗುವಾಗ ತೆಳುವಾದ ಮಿನುಗುವ ಕೆನೆ ಕಟ್ಟಿದ್ದರೆ, ಬಾಲ್ದಿಯ ತಳದಲ್ಲಿ ಬೆರಳಿಟ್ಟಾಗ ಕಾವಿಯಂಥ ಗಸಿ ಅಂಟಿದರೆ, ಅದು ಕಬ್ಬಿಣ. ಆ ಗಸಿಯೇ ಕೂದಲ ಮೇಲೂ ಕೂರುತ್ತದೆ. ಕಂದು ಬಣ್ಣವನ್ನು ಮಂಕಾಗಿಸಿ ಕೆಂಪಿಗೆ ಇನ್ನಷ್ಟು ಕೆಂಪು ಸೇರಿಸುತ್ತದೆ. ತಲೆಗೆ ಬೇಕಾದ ಒಂದೂವರೆ ಬಾಲ್ದಿ ನೀರನ್ನು ಹಿಂದಿನ ದಿನವೇ ಎತ್ತರದಿಂದ ಸುರಿದು ಗಾಳಿ ತಾಗಿಸಿ ಇಟ್ಟು, ಮರುದಿನ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ನಾನು ಕಂಡ ಅತ್ಯಂತ ಅಗ್ಗದ ಉಪಾಯ. ನೆರೆಮನೆಯಲ್ಲಿ ಸುರಂಗವಿದ್ದರೆ ಎರಡು ಕೊಡ ಕೇಳಿ ತರಲು ಸಂಕೋಚಪಡಬೇಡಿ. ಮಳೆಗಾಲದಲ್ಲಿ ಮಾಡಿನ ನೀರು ಇದ್ದೇ ಇದೆ, ಮೊದಲ ಮಳೆಗಳು ಮಾಡನ್ನು ತೊಳೆದು ಹೋಗಲಿ ಅಷ್ಟೇ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಹಳೆಯ ಮನೆಗಳ ಬಚ್ಚಲಿನಲ್ಲಿ ಇರುವುದು ತಾಮ್ರದ ಹಂಡೆ. ಆಮ್ಲೀಯವಾದ ಮೆದು ನೀರು ಹಂಡೆಯಲ್ಲಿ ರಾತ್ರಿಯಿಡೀ ನಿಂತು ಕಾದರೆ ಸ್ವಲ್ಪ ತಾಮ್ರ ಕರಗುತ್ತದೆ. ಕಪ್ಪು ಕೂದಲಿಗೆ ಇದರಿಂದ ಕಣ್ಣಿಗೆ ಕಾಣುವಂಥದ್ದೇನೂ ಆಗುವುದಿಲ್ಲ. ಆದರೆ ಬ್ಲೀಚ್ ಮಾಡಿ ತಿಳಿಯಾಗಿಸಿದ ಕೂದಲು ತಾಮ್ರವನ್ನು ಹಿಡಿದುಕೊಂಡು ಹಸಿರು ಛಾಯೆಗೆ ತಿರುಗಬಹುದು. ಅಲ್ಲದೆ ಕೂದಲಿನಲ್ಲಿ ತಾಮ್ರ ಕುಳಿತಿದ್ದರೆ ಮುಂದಿನ ಸಲ ಬಣ್ಣ ಹಾಕುವಾಗ ಪೆರಾಕ್ಸೈಡಿನಿಂದ ಆಗುವ ಹಾನಿ ಹೆಚ್ಚುತ್ತದೆ. ತಲೆಯ ನೀರನ್ನು ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇರೆಯಾಗಿ ಕಾಯಿಸಿಕೊಂಡರೆ ಈ ತಲೆನೋವಿಲ್ಲ.

ಶಾಂಪೂವಿನ ವಿಷಯದಲ್ಲಿ ಹೇಳುವುದು ಕಡಿಮೆ. ಸಲ್ಫೇಟ್ ಇಲ್ಲದ, ಬಣ್ಣ ಹಾಕಿದ ಕೂದಲಿಗೆಂದೇ ಮಾಡಿದ ಶಾಂಪೂ ಸಿಕ್ಕಿದರೆ ಒಳ್ಳೆಯದು. ಅದು ತೊಳೆಯುವಾಗ ಮೃದುವಾಗಿರುತ್ತದೆ. ಆದರೆ ಎಂಟುನೂರು ರೂಪಾಯಿಯ ಬಾಟಲಿ ಕೊಂಡು ಸುಡುನೀರಿನಲ್ಲಿ ದಿನ ಬಿಟ್ಟು ದಿನ ತೊಳೆಯುವವರಿಗಿಂತ, ಸಾದಾ ಶಾಂಪೂವನ್ನು ಚೆಂಬಿನ ನೀರಿನಲ್ಲಿ ತೆಳ್ಳಗೆ ಕಲಸಿ ಬುಡಕ್ಕೆ ಮಾತ್ರ ಹಾಕಿ ವಾರಕ್ಕೆರಡು ಸಲ ತೊಳೆಯುವವರ ಬಣ್ಣ ಹೆಚ್ಚು ದಿನ ಬಾಳುತ್ತದೆ. ಕಂಡಿಷನರ್ ಮಾತ್ರ ಬಿಡಬೇಡಿ, ಮಧ್ಯದಿಂದ ತುದಿಯವರೆಗೆ ಪ್ರತಿ ಸಲವೂ ಹಚ್ಚಿ. ಮೈಸಾಬೂನು, ಅಡಿಗೆ ಸೋಡಾ ಎರಡೂ ಕ್ಷಾರ. ತಲೆಗೆ ಖಂಡಿತ ಬೇಡ. ತಲೆಹೊಟ್ಟಿಗೆ ಬಳಸುವ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ ಹಾಕಿದ ಬಣ್ಣವನ್ನು ಕೆಡಿಸಬಲ್ಲದು, ಆದ್ದರಿಂದ ಬಾಟಲಿಯ ಹಿಂಬದಿಯನ್ನು ಓದಿಕೊಳ್ಳಿ. ಕೆಂಪು ಕಿತ್ತಳೆ ಛಾಯೆ ಕಣ್ಣಿಗೆ ಹೊಡೆಯುತ್ತಿದ್ದರೆ ನೀಲಿ ಬಣ್ಣದ ಶಾಂಪೂವನ್ನು ಎರಡು ವಾರಕ್ಕೊಮ್ಮೆ ಬಳಸಬಹುದು. ನೇರಳೆ ಶಾಂಪೂ ಇರುವುದು ಹಳದಿಯನ್ನು ಅಡಗಿಸಲು, ನಿಮಗೆ ಅದು ಪ್ರಯೋಜನವಿಲ್ಲ.

ನಮ್ಮ ಕಡೆಯ ಗೊಂಪು, ಅಂದರೆ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆ, ಬಣ್ಣ ಹಾಕಿದ ಕೂದಲಿಗೆ ಚೆನ್ನಾಗಿ ಒಗ್ಗುತ್ತದೆ. ಸಿಕ್ಕು ಬಿಡಿಸುವುದಕ್ಕೆ ಅದರಷ್ಟು ನಯವಾದದ್ದು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಸೀಗೆಪುಡಿಯ ಬಗ್ಗೆ ನಾನು ಅಷ್ಟು ಉದಾರಿಯಲ್ಲ. ಒರಟಾಗಿ ಅರೆದ ಪುಡಿಯನ್ನು ತಿಕ್ಕಿದರೆ ಈಗಾಗಲೇ ಎದ್ದಿರುವ ಹುರುಪೆಗಳು ಇನ್ನಷ್ಟು ಸವೆಯುತ್ತವೆ.

ತೆಂಗಿನೆಣ್ಣೆಯನ್ನು ಧಾರಾಳವಾಗಿ ಹಚ್ಚಬಹುದು, ಆದರೆ ಧಾರಾಳ ಪ್ರಮಾಣದಲ್ಲಲ್ಲ. ಅದರಲ್ಲಿರುವ ಲಾರಿಕ್ ಆಮ್ಲದ ಕಣಗಳು ಸಣ್ಣದಾಗಿ ನೇರವಾಗಿರುವುದರಿಂದ ಕೂದಲಿನ ಒಳಗೆ ಇಳಿಯುತ್ತವೆ, ನೀರು ಹೀರಿ ಉಬ್ಬುವುದನ್ನು ತಗ್ಗಿಸುತ್ತವೆ, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತವೆ. ಖನಿಜ ಎಣ್ಣೆಗೆ ಮತ್ತು ಸೂರ್ಯಕಾಂತಿ ಎಣ್ಣೆಗೆ ಈ ಗುಣವಿಲ್ಲವೆಂದು 2003ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಅಧ್ಯಯನ ತೋರಿಸಿದೆ. ಸ್ನಾನಕ್ಕೆ ಎರಡು ಮೂರು ಗಂಟೆ ಮೊದಲು ಒಂದು ಚಮಚದಷ್ಟನ್ನು ಅಂಗೈಯಲ್ಲಿ ಉಜ್ಜಿ ತುದಿಯ ಅರ್ಧಕ್ಕೆ ಸವರಿದರೆ ಸಾಕು. ತಲೆಯಿಂದ ಇಳಿಯುವಷ್ಟು ಎಣ್ಣೆ ಹೊಯ್ದುಕೊಂಡು, ಆಮೇಲೆ ಅದನ್ನು ತೆಗೆಯಲು ಎರಡೆರಡು ಸಲ ಶಾಂಪೂ ಹಾಕಿದರೆ ಎಣ್ಣೆಯಿಂದ ಬಂದ ಲಾಭವೆಲ್ಲ ಚರಂಡಿಗೆ.

ಬಿಸಿಲಿನ ವಿಷಯ ಚಿಕ್ಕದು: ಅಂಗಳದಲ್ಲಿ ಅಡಿಕೆ ಹರಗುವಾಗ, ಸ್ಕೂಟರಿನಲ್ಲಿ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಬೇಕಲದ ಕಡಲಿಗೆ ಇಳಿಯುವುದಿದ್ದರೆ ಮೊದಲು ಸಿಹಿನೀರಿನಿಂದ ಕೂದಲನ್ನು ನೆನೆಸಿ, ಮೇಲೆ ಬಂದೊಡನೆ ತೊಳೆಯಿರಿ.

ಮದರಂಗಿಯ ಪ್ರಶ್ನೆಗೆ ಉತ್ತರ ಅದರ ಪೊಟ್ಟಣದ ಮೇಲಿದೆ. ಹಿತ್ತಲಿನ ಗಿಡದ ಎಲೆಯನ್ನು ಒಣಗಿಸಿ ಪುಡಿ ಮಾಡಿದ್ದಾದರೆ, ಅಥವಾ ಎಲೆಯ ಪುಡಿಯಲ್ಲದೆ ಬೇರೇನೂ ಇಲ್ಲದ್ದಾದರೆ, ಬಣ್ಣದ ಮೇಲೆ ಹಾಕಲು ಅಡ್ಡಿಯಿಲ್ಲ. ಆದರೆ ಅದು ಕೆಂಪನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ, ಮುಂದೆ ಆ ಬಣ್ಣವನ್ನು ತೆಗೆಸುವುದೂ ಕಷ್ಟ. "ಕಪ್ಪು ಮೆಹಂದಿ" ಎಂದು ಮಾರುವ ಪುಡಿಗಳಲ್ಲಿ ಹಲವಕ್ಕೆ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ, ಕೂದಲಿನ ಶಾಶ್ವತ ಬಣ್ಣಗಳಲ್ಲೂ ಇರುವ, ಕೆಲವರಿಗೆ ಅಲರ್ಜಿ ತರುವ ರಾಸಾಯನಿಕ ಬೆರೆತಿರುತ್ತದೆ; ಕೆಲವಕ್ಕೆ ಲೋಹದ ಲವಣಗಳಿರುತ್ತವೆ. ಲವಣ ಕುಳಿತ ಕೂದಲಿಗೆ ಪೆರಾಕ್ಸೈಡ್ ತಾಗಿದಾಗ ಕೂದಲು ಬಿಸಿಯೇರಿ ತುಂಡಾಗುವುದುಂಟು. ಹಿಂದೆ ಎಂದಾದರೂ ಮದುವೆ ಮನೆಯಲ್ಲಿ ಕಪ್ಪು ಮೆಹಂದಿ ಹಚ್ಚಿದ ಕೈ ತುರಿಸಿ ಗುಳ್ಳೆ ಎದ್ದದ್ದಿದ್ದರೆ, ಕೂದಲಿನ ಬಣ್ಣವೂ ನಿಮಗೆ ಅಪಾಯಕಾರಿ. ಚರ್ಮದ ವೈದ್ಯರನ್ನು ಕಾಣದೆ ಮತ್ತೆ ಹಾಕಿಸಬೇಡಿ. ಹಾಗೇನೂ ಇಲ್ಲದವರೂ ಪ್ರತಿ ಸಲ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿಕೊಳ್ಳಬೇಕು, ಏಕೆಂದರೆ ವರ್ಷಗಟ್ಟಲೆ ಒಗ್ಗಿದ ಬಣ್ಣವೂ ಒಂದು ದಿನ ಒಗ್ಗದೆ ಹೋಗಬಹುದು.

ಮುಂದಿನ ಬಣ್ಣವನ್ನು ಮನೆಯಲ್ಲೇ ಹಾಕುವ ಯೋಚನೆಯಿದ್ದರೆ, ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಆರು ವಾರವಾದರೂ ಕಾಯಿರಿ. ಆಗ ಬುಡದಲ್ಲಿ ಹೊಸದಾಗಿ ಬಂದ ಭಾಗಕ್ಕಷ್ಟೇ ಬ್ರಷ್ಷಿನಲ್ಲಿ ಹಚ್ಚಿ, ತುದಿಗೆ ಮೊದಲೇ ಕಂಡಿಷನರ್ ಸವರಿಟ್ಟರೆ ತೊಳೆಯುವಾಗ ಹರಿದು ಬಂದ ಬಣ್ಣ ಅಲ್ಲಿ ಕೂರುವುದಿಲ್ಲ.